ಸಂಘದೊಳಗಿನ ಪಾತ್ರಗಳು ಮತ್ತು ನಾಯಕತ್ವ

(ಸ್ವಸಹಾಯ ಸಂಘಗಳ ಸದಸ್ಯೆಯರ ಒಂದು ದಿನದ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾಯಕತ್ವದ ಗುಣಗಳ ಬಗ್ಗೆ ಮಾತನಾಡಬೇಕೆಂದು ಶಿಬಿರದವರು ನನ್ನನ್ನು ಕರೆದಿದ್ದಾರೆ. ಈ ಗುಣಗಳ ಪಟ್ಟಿ ನಿಮ್ಮಲ್ಲಿ ಬಹಳ ಮಂದಿಗೆ ಬಾಯಿಪಾಠವೇ ಆಗಿರಬೇಕು. ಧೈರ್ಯ, ತಾಳ್ಮೆ, ಪ್ರಾಮಾಣಿಕತೆ, ಮಾತುಗಾರಿಕೆ, ಎಲ್ಲರನ್ನೂ ಒಂದೇ ರೀತಿ ಕಾಣುವುದು. ಪ್ರತಿ ತರಬೇತಿಯಲ್ಲೂ ಇದನ್ನು ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸುತ್ತಾರೆ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಓದಿದ ಹೆಂಗಸು "ಇಷ್ಟೆಲ್ಲ ನನ್ನಲ್ಲಿ ಎಲ್ಲಿದೆ? ಅದೇನಿದ್ದರೂ ಮೇಷ್ಟ್ರ ಹೆಂಡತಿಗೇ ಸರಿ" ಎಂದುಕೊಂಡು ಒಂದು ಸಾಲು ಹಿಂದೆ ಸರಿದು ಕೂರುತ್ತಾಳೆ. ಸಂಘದ ಪ್ರತಿನಿಧಿ ಸ್ಥಾನ ಸ್ವಲ್ಪ ಓದಿದವಳಿಗೆ, ಸ್ವಲ್ಪ ಜಮೀನಿದ್ದವಳಿಗೆ, ಮೇಲಿನ ಜಾತಿಯವಳಿಗೆ ತಾನಾಗಿಯೇ ಹೋಗಿ ಸೇರುವುದಕ್ಕೆ ಈ ಪಟ್ಟಿಯೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಆದ್ದರಿಂದ ಯಾರಲ್ಲಿ ಯಾವ ಗುಣವಿದೆ ಎಂಬುದನ್ನು ನಾನು ಇವತ್ತು ಕೇಳುವುದಿಲ್ಲ. ಸಂಘದಲ್ಲಿ ಆಗಬೇಕಾದ ಕೆಲಸಗಳು ಯಾವುವು, ಅವನ್ನು ಯಾರು ಮಾಡುತ್ತಿದ್ದಾರೆ ಎಂದು ನೋಡೋಣ. ಆಮೇಲೆ, ಸಂಘದ ಒಬ್ಬಳು ಮನೆಯಲ್ಲಿ ಹೊಡೆತ ತಿನ್ನುತ್ತಿದ್ದಾಳೆ ಎಂದು ಗೊತ್ತಾದಾಗ ಈ ಕೆಲಸಗಳು ಹೇಗೆ ಬದಲಾಗಬೇಕು ಎಂಬುದಕ್ಕೆ ಬರೋಣ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ.

ಒಂದು ಮಾಮೂಲಿ ವಾರದ ಸಭೆಯನ್ನೇ ತೆಗೆದುಕೊಳ್ಳಿ. ಅಂಗನವಾಡಿಯ ಬಾಗಿಲು ತೆಗೆಸಿ ಜಮಖಾನ ಹಾಸುವವಳು ಒಬ್ಬಳು. "ಏಳು ಗಂಟೆಯಾಯ್ತು, ಬನ್ರೇ" ಎಂದು ಬೀದಿಯುದ್ದಕ್ಕೂ ಕೂಗಿಕೊಂಡು ಬರುವವಳು ಇನ್ನೊಬ್ಬಳು. ಉಳಿತಾಯದ ದುಡ್ಡು ಎಣಿಸುವವಳು, ಪುಸ್ತಕ ಬರೆಯುವವಳು. "ಹೋದ ತಿಂಗಳು ಕುರಿ ಸಾಲ ಕೊಟ್ಟೆವಲ್ಲ, ಕುರಿ ತಂದಳೋ ಇಲ್ಲವೋ?" ಎಂದು ಕೇಳುವವಳು. ಇಬ್ಬರು ಜಗಳಕ್ಕೆ ನಿಂತಾಗ ಏನೋ ಒಂದು ತಮಾಷೆ ಮಾತಾಡಿ ನಗಿಸಿಬಿಡುವವಳು. ಮೂಲೆಯಲ್ಲಿ ಕೂತವಳ ಕಡೆ ತಿರುಗಿ "ನೀನೇನು ಹೇಳ್ತೀಯವ್ವ?" ಎನ್ನುವವಳು. ಇವರಲ್ಲಿ ನಾಯಕಿ ಯಾರು? ಬ್ಯಾಂಕಿನವರನ್ನು ಕೇಳಿದರೆ ಸಹಿ ಹಾಕುವ ಇಬ್ಬರ ಹೆಸರು ಹೇಳುತ್ತಾರೆ. ಆದರೆ ಮೇಲೆ ಹೇಳಿದ ಒಂದೊಂದು ಕೆಲಸವೂ ನಾಯಕತ್ವದ ತುಂಡೇ.

ಇದು ನನ್ನ ಸ್ವಂತ ಮಾತೇನಲ್ಲ. 1948ರಲ್ಲಿ ಕೆನೆತ್ ಬೆನ್ ಮತ್ತು ಪಾಲ್ ಶೀಟ್ಸ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ಗುಂಪುಗಳಲ್ಲಿ ಜನ ವಹಿಸುವ ಪಾತ್ರಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಕೆಲಸ ಮುಂದೆ ಸಾಗಿಸುವ ಪಾತ್ರಗಳು ಒಂದು ಬಗೆ: ಹೊಸ ಯೋಚನೆ ಹೇಳುವುದು, ವಿವರ ಕೇಳುವುದು, ಬರೆದಿಡುವುದು. ಗುಂಪು ಒಡೆಯದಂತೆ ಹಿಡಿದಿಡುವುದು ಎರಡನೆಯ ಬಗೆ: ಹುರಿದುಂಬಿಸುವುದು, ರಾಜಿ ಮಾಡಿಸುವುದು, ಮಾತನಾಡದವರಿಗೆ ಮಾತಿನ ದಾರಿ ಬಿಡಿಸುವುದು. ಮೂರನೆಯದು ತನಗೋಸ್ಕರ ಮಾತ್ರ ಆಡುವ ಪಾತ್ರಗಳು: ಎಲ್ಲದಕ್ಕೂ ಅಡ್ಡಗಾಲು ಹಾಕುವುದು, ಬೇರೆಯವರ ಬಾಯಿ ಮುಚ್ಚಿಸುವುದು, ಹೊಗಳಿಸಿಕೊಳ್ಳಲೆಂದೇ ಮಾತನಾಡುವುದು. ನಾಯಕರಿಗೆ ಮಾತ್ರ ತರಬೇತಿ ಕೊಟ್ಟು ಸದಸ್ಯರನ್ನು ಮರೆಯುವುದು ಸರಿಯಲ್ಲ ಎಂಬುದು ಅವರ ವಾದವಾಗಿತ್ತು. ಸಮಾಜಶಾಸ್ತ್ರದ ತರಗತಿಯಲ್ಲಿ ಎಷ್ಟೋ ವರ್ಷ ನಾನು ಇದನ್ನು ಹುಡುಗಿಯರಿಗೆ ಪರೀಕ್ಷೆಗೆಂದು ಬರೆಸಿದ್ದೇನೆ. ನಿಮ್ಮ ಸಭೆಗಳಿಗೆ ಬರಲು ಶುರುಮಾಡಿದ ಮೇಲೆ ಅದಕ್ಕೆ ಜೀವ ಬಂತು.

ಮೂರನೆಯ ಬಗೆಯ ಬಗ್ಗೆ ಒಂದು ಎಚ್ಚರಿಕೆ. ಅಡ್ಡ ಮಾತನಾಡುವವರೆಲ್ಲ ಅಡ್ಡಗಾಲು ಹಾಕುವವರಲ್ಲ. "ಸಾಲ ಯಾವಾಗಲೂ ಆ ಮೂರು ಮನೆಗೇ ಯಾಕೆ ಹೋಗುತ್ತದೆ?" ಎಂದು ಕೇರಿಯಿಂದ ಬರುವ ಹೆಣ್ಣುಮಗಳು ಕೇಳಿದಾಗ "ಇವಳದು ಯಾವಾಗಲೂ ಇದೇ ತಕರಾರು" ಎಂದು ಕೂರಿಸಿಬಿಡುವ ಸಂಘಗಳಿವೆ. ತಕರಾರು ಮಾಡುವವಳ ಮಾತಿನಲ್ಲಿ ಲೆಕ್ಕವಿದೆಯೇ ಎಂದು ಮೊದಲು ನೋಡಿ. ಇದ್ದರೆ ಅವಳು ಸಂಘದ ಕೆಲಸವನ್ನೇ ಮಾಡುತ್ತಿದ್ದಾಳೆ.

ಇನ್ನು ನಾಯಕಿ ನಡೆದುಕೊಳ್ಳುವ ರೀತಿ. 1939ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹೆಸರಾಂತದ್ದು. ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಜೊತೆಗಾರರಾದ ಲಿಪಿಟ್ ಮತ್ತು ವೈಟ್ ಅವರೊಂದಿಗೆ ಹತ್ತು ವರ್ಷದ ಹುಡುಗರ ಸಣ್ಣ ಸಣ್ಣ ಗುಂಪು ಮಾಡಿ ಅವರಿಗೆ ಮುಖವಾಡ ತಯಾರಿಸುವಂಥ ಕೆಲಸ ಕೊಟ್ಟರು. ಒಂದು ಕಡೆ ಎಲ್ಲವನ್ನೂ ತಾನೇ ತೀರ್ಮಾನಿಸಿ ಅಪ್ಪಣೆ ಮಾಡುವ ನಾಯಕ. ಇನ್ನೊಂದು ಕಡೆ ಹುಡುಗರನ್ನು ಕೇಳಿ ಅವರೊಂದಿಗೆ ಸೇರಿ ತೀರ್ಮಾನಿಸುವ ನಾಯಕ. ಮತ್ತೊಂದು ಕಡೆ ಏನೂ ಹೇಳದೆ ಸುಮ್ಮನಿರುವ ನಾಯಕ. ಅಪ್ಪಣೆ ಮಾಡುವವನು ಎದುರಿಗಿದ್ದಾಗ ಕೆಲಸ ಚೆನ್ನಾಗಿಯೇ ಆಗುತ್ತಿತ್ತು. ಅವನು ಕೋಣೆಯಿಂದ ಹೊರಗೆ ಹೋದರೆ ಬಿದ್ದುಹೋಗುತ್ತಿತ್ತು. ಸೇರಿ ತೀರ್ಮಾನಿಸಿದ ಹುಡುಗರು ನಾಯಕ ಎದ್ದು ಹೋದರೂ ಕೆಲಸ ಮುಂದುವರಿಸುತ್ತಿದ್ದರು.

ನಿಮ್ಮ ಸಂಘಕ್ಕೆ ಇದನ್ನು ಹಚ್ಚಿ ನೋಡಿ. ಪ್ರತಿನಿಧಿ ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಹೋದಳು ಅನ್ನಿ. ವಾರದ ಸಭೆ, ಉಳಿತಾಯ, ಒಳಗೊಳಗಿನ ಸಾಲ, ಮರುಪಾವತಿ, ಪುಸ್ತಕ ಬರೆಯುವುದು, ನೀವು ಪಂಚಸೂತ್ರ ಎನ್ನುತ್ತೀರಲ್ಲ, ಆ ಐದೂ ನಡೆಯುತ್ತವೆಯೇ? ನಡೆದರೆ ಅವಳು ಒಳ್ಳೆಯ ಪ್ರತಿನಿಧಿ. "ಅಕ್ಕ ಬರಲಿ, ಆಮೇಲೆ ನೋಡೋಣ" ಎಂದು ಎಲ್ಲರೂ ಮನೆಯಲ್ಲಿ ಕೂತರೆ ಅವಳೆಷ್ಟೇ ಜಾಣೆಯಾದರೂ ಸಂಘವನ್ನು ಬೆಳೆಸಿಲ್ಲ.

ಕೆಲವರು ಇದಕ್ಕೆ ಎದುರು ತುದಿಗೆ ಹೋಗುತ್ತಾರೆ. "ನಮ್ಮಲ್ಲಿ ನಾಯಕಿಯೇ ಇಲ್ಲ, ಎಲ್ಲರೂ ಸಮಾನರು" ಎನ್ನುತ್ತಾರೆ. ಕೇಳಲು ಚೆಂದ. ಅಮೆರಿಕದ ಮಹಿಳಾ ಚಳವಳಿಯಲ್ಲಿದ್ದ ಜೋ ಫ್ರೀಮನ್ 1970ರಲ್ಲಿ ಒಂದು ಭಾಷಣದಲ್ಲಿ ಇದನ್ನೇ ಚರ್ಚೆಗೆ ಎಳೆದರು. ಹೆಸರಿಗೆ ನಾಯಕಿಯಿಲ್ಲದ ಗುಂಪಿನಲ್ಲೂ ನಾಲ್ಕು ಜನ ಗೆಳತಿಯರು ಒಳಗೊಳಗೇ ಎಲ್ಲವನ್ನೂ ನಡೆಸುತ್ತಿರುತ್ತಾರೆ; ಅವರನ್ನು ಯಾರೂ ಆರಿಸಿರುವುದಿಲ್ಲವಾದ್ದರಿಂದ ಯಾರೂ ಪ್ರಶ್ನೆ ಕೇಳುವಂತೆಯೂ ಇರುವುದಿಲ್ಲ ಎಂಬುದು ಅವರ ವಾದದ ತಿರುಳು. ಅದಕ್ಕೆ ಅವರು ಸೂಚಿಸಿದ ಮದ್ದು ನಮಗೂ ಹೊಂದುತ್ತದೆ. ಯಾವ ಕೆಲಸ ಯಾರದು ಎಂದು ಎಲ್ಲರೆದುರಿಗೆ ತೀರ್ಮಾನಿಸಿ. ಕೆಲಸಗಳನ್ನು ಕಾಲಕಾಲಕ್ಕೆ ಬದಲಾಯಿಸಿ. ಗೊತ್ತಿರುವುದನ್ನು ಒಬ್ಬರೇ ಬಚ್ಚಿಟ್ಟುಕೊಳ್ಳಬೇಡಿ. ನಮ್ಮಲ್ಲಿ ಎಷ್ಟೋ ಸಂಘಗಳಲ್ಲಿ ಮೊದಲ ದಿನ ಆದ ಪ್ರತಿನಿಧಿಯೇ ಹನ್ನೆರಡು ವರ್ಷವಾದರೂ ಪ್ರತಿನಿಧಿ. ಕೇಳಿದರೆ, "ಬ್ಯಾಂಕಿನಲ್ಲಿ ಸಹಿ ಬದಲಾಯಿಸೋದು ರಗಳೆ ಮೇಡಂ" ಎನ್ನುತ್ತಾರೆ. ಒಂದು ಠರಾವು, ಒಂದು ಅರ್ಜಿ, ಬ್ಯಾಂಕಿಗೆ ಒಂದೆರಡು ಸಲ ಓಡಾಟ. ಮಗಳ ಮದುವೆಗೆ ಇದಕ್ಕಿಂತ ಹೆಚ್ಚು ರಗಳೆಯನ್ನು ನೀವು ನಿಭಾಯಿಸಿದ್ದೀರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನನಗೆ ಪರಿಚಯವಿದ್ದ ಒಂದು ಸಂಘದಲ್ಲಿ ನಡೆದದ್ದು. ಊರು, ಹೆಸರು ಬೇಡ. ಹದಿನಾರು ಜನರ ಸಂಘ. ಒಬ್ಬ ಸದಸ್ಯೆ ಸಭೆಗೆ ಬರುವುದು ನಿಂತಿತು. ನಾಲ್ಕು ವಾರ ಉಳಿತಾಯದ ಹಣ ಮಗಳ ಕೈಯಲ್ಲಿ ಬಂತು. ಐದನೆಯ ವಾರದಿಂದ ಅದೂ ಇಲ್ಲ. ನಿಯಮದಂತೆ ಗೈರುಹಾಜರಿಗೆ ದಂಡ ಹಾಕಿದರು. ಸಾಲದ ಕಂತು ನಿಂತಾಗ ಮೂವರು ಅವರ ಮನೆ ಮುಂದೆ ಹೋಗಿ, "ತಗೊಳ್ಳೋವಾಗ ಗೊತ್ತಿರಲಿಲ್ವಾ?" ಎಂದು ಬೀದಿಗೆ ಕೇಳುವಂತೆ ಕೂಗಾಡಿ ಬಂದರು. ಆ ಸಾಲದ ದುಡ್ಡನ್ನು ಗಂಡ ಅವತ್ತೇ ಕಿತ್ತುಕೊಂಡಿದ್ದ. ತವರಿನಿಂದ ಬರಬೇಕಾಗಿದ್ದ ಬಾಕಿ ವರದಕ್ಷಿಣೆಯ ಲೆಕ್ಕಕ್ಕೆ ಅದನ್ನು ಸೇರಿಸಿಕೊಂಡೆ ಎಂದಿದ್ದ. ಸಂಘದವರು ಕೂಗಾಡಿ ಹೋದ ರಾತ್ರಿ "ಮನೆ ಮಾನ ಕಳೆದೆ" ಎಂದು ಅವಳಿಗೆ ಮತ್ತೆ ಹೊಡೆತ ಬಿತ್ತು.

ಆ ಸಂಘದಲ್ಲಿ ಹಿರಿಯಳೊಬ್ಬಳಿದ್ದಳು. ಎಲ್ಲ ಜಗಳ ಬಗೆಹರಿಸುವವಳು, ಎಲ್ಲರಿಗೂ ಬೇಕಾದವಳು. ವಿಷಯ ಗೊತ್ತಾದ ಕೂಡಲೇ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ, ಬುದ್ಧಿ ಹೇಳಿ, ದೇವರ ಮುಂದೆ ಆಣೆ ಮಾಡಿಸಿ, "ಹೋಗವ್ವ, ಹೊಂದಿಕೊಂಡು ಹೋಗು, ಇನ್ನು ಹೊಡೆಯಲ್ಲ" ಎಂದು ಕಳಿಸಿದಳು. ಆರು ತಿಂಗಳಲ್ಲಿ ಎರಡು ಸಲ ಹೀಗಾಯಿತು. ಮೂರನೆಯ ಸಲ ಅವಳ ಕೈ ಮುರಿದಿತ್ತು.

ಆ ಹಿರಿಯಳು ಕೆಟ್ಟವಳಲ್ಲ. ಸಭೆಯಲ್ಲಿ ದಿನವೂ ಬೇಕಾದ ಪಾತ್ರವನ್ನೇ ಅವಳು ವಹಿಸಿದಳು. ಇಬ್ಬರು ಸದಸ್ಯೆಯರು ಸಾಲದ ಸರದಿಗೆ ಜಗಳವಾಡಿದರೆ ರಾಜಿ ಮಾಡಿಸುವವಳು ಬೇಕೇಬೇಕು, ಏಕೆಂದರೆ ಅಲ್ಲಿ ಇಬ್ಬರ ಬಲವೂ ಹೆಚ್ಚು ಕಡಿಮೆ ಒಂದೇ. ಹೊಡೆಯುವವನಿಗೂ ಹೊಡೆಸಿಕೊಳ್ಳುವವಳಿಗೂ ನಡುವೆ ರಾಜಿ ಎಂದರೆ ಏನು? ಅವನು ಬಿಟ್ಟುಕೊಡುವುದು ಒಂದು ಮಾತು. ಅವಳು ಬಿಟ್ಟುಕೊಡುವುದು ಮೈ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆ ಇದೆಯಲ್ಲ, ಉಂಡ ಮೇಲೆ ಬಾಗಿಲು ಹಾಕಿಕೊಂಡು ಏನು ನಡೆಯುತ್ತದೆ ಎಂದು ಅದು ಹೇಳುವುದಿಲ್ಲ. ಸಭೆಯಲ್ಲಿ ಸಂಘವನ್ನು ಉಳಿಸುವ ಪಾತ್ರವೇ ಇಂಥ ಹೊತ್ತಿನಲ್ಲಿ ಒಂದು ಜೀವಕ್ಕೆ ಮುಳುವಾಗಬಹುದು. ಯಾವಾಗ ಯಾವ ಪಾತ್ರ ಹಿಂದೆ ಸರಿಯಬೇಕು, ಯಾವುದು ಮುಂದೆ ಬರಬೇಕು ಎಂದು ಗುರುತಿಸುವುದನ್ನೇ ನಾನು ನಾಯಕತ್ವ ಎಂದು ಕರೆಯುತ್ತೇನೆ.

ಅಲ್ಲಿ ಮುಂದೆ ಬಂದವಳು ಯಾರು ಗೊತ್ತೇ? ಪುಸ್ತಕ ಬರೆಯುವ ಹುಡುಗಿ. ಹತ್ತನೇ ತರಗತಿ ಪಾಸಾದವಳು, ಸಭೆಯಲ್ಲಿ ತಲೆ ಎತ್ತಿ ಮಾತನಾಡಿದವಳೇ ಅಲ್ಲ. ಗೈರುಹಾಜರಿ, ಮಗಳ ಕೈಯಲ್ಲಿ ಬಂದ ಹಣ, ನಿಂತ ಕಂತು, ಇವೆಲ್ಲ ಮೊದಲು ಕಂಡದ್ದು ಅವಳ ಕಣ್ಣಿಗೆ. ಮೊದಲ ಸಲದ ಹೊಡೆತದ ಸುದ್ದಿ ತಿಳಿದಾಗಲೇ ಅವಳು ನೀರು ತುಂಬುವ ನೆಪದಲ್ಲಿ ಆ ಹೆಂಗಸನ್ನು ಒಬ್ಬಳನ್ನೇ ಮಾತನಾಡಿಸಿದ್ದಳು. ಅವಳನ್ನು ಕೇಳಿಯೇ, ಬೇರೊಂದು ನೋಟ್‌ಬುಕ್ಕಿನಲ್ಲಿ, ಯಾವ ತಾರೀಖು, ಏನಾಯಿತು, ಯಾರು ನೋಡಿದರು, ಯಾವ ಆಸ್ಪತ್ರೆಗೆ ಹೋದರು ಎಂದು ಬರೆದಿಟ್ಟಿದ್ದಳು. ಕೈ ಮುರಿದ ಮೇಲೆ ಸಂರಕ್ಷಣಾಧಿಕಾರಿಯ ಮುಂದೆ ಕೂತಾಗ, ನೋವಿನಲ್ಲಿದ್ದ ಆ ಹೆಂಗಸಿಗೆ ಹಿಂದಿನದು ಯಾವುದೂ ಸರಿಯಾಗಿ ನೆನಪಾಗಲಿಲ್ಲ. ನೋಟ್‌ಬುಕ್ ನೆನಪಿಸಿತು. ತಿಂಗಳುಗಟ್ಟಲೆ ಓಡಾಡಿದ ಮೇಲೆ ಅವಳಿಗೆ ರಕ್ಷಣೆಯ ಆದೇಶವೂ ಅದೇ ಮನೆಯಲ್ಲಿ ಇರುವ ಆದೇಶವೂ ಸಿಕ್ಕಿತು. ಗಂಡನ ಕಡೆಯ ಇಬ್ಬರು ಸಂಘ ಬಿಟ್ಟರು. ಅವರು ಇವತ್ತಿಗೂ ವಾಪಸು ಬಂದಿಲ್ಲ.

ಇನ್ನೊಂದು ತೊಡಕಿತ್ತು. ಸಂಘದ ಒಂದನೇ ಪ್ರತಿನಿಧಿ ಆ ಗಂಡನ ದೊಡ್ಡಪ್ಪನ ಸೊಸೆ. ಹಳ್ಳಿಯಲ್ಲಿ ಇದು ಸಾಮಾನ್ಯ, ಎಲ್ಲರೂ ಯಾರಿಗೋ ಏನೋ ಆಗಬೇಕು. ಅವಳು ಮಾಡಿದ್ದು ನನಗೆ ಬಹಳ ಹಿಡಿಸಿತು. "ಈ ವಿಷಯದಲ್ಲಿ ನಾನು ಮುಂದೆ ಬಂದರೆ ನಮ್ಮ ಮನೇಲಿ ನನ್ನ ಬಾಯಿ ಕಟ್ತಾರೆ. ಎರಡನೇ ಪ್ರತಿನಿಧಿ ನೋಡಿಕೊಳ್ಳಲಿ, ನಾನು ಅಡ್ಡ ಬರಲ್ಲ" ಎಂದು ಸಭೆಯಲ್ಲೇ ಹೇಳಿದಳು. ತಾನು ಸರಿಯುವ ಹೊತ್ತು ಯಾವುದೆಂದು ಅರಿತದ್ದು, ಅದನ್ನು ಎಲ್ಲರೆದುರಿಗೆ ಹೇಳಿದ್ದು ದೊಡ್ಡದು. ಎಷ್ಟೋ ಕಡೆ ಇಂಥವರು ಬಾಯಿಬಿಟ್ಟು ಹೇಳದೆ, ಹಿಂದಿನಿಂದ ವಿಷಯವನ್ನು ಮುಚ್ಚಿಹಾಕುತ್ತಾರೆ.

ಹಾಗಾದರೆ ನಿಮ್ಮ ಸಂಘದಲ್ಲಿ ಇಂಥದು ಬಂದರೆ ಯಾರು ಏನು ಮಾಡಬೇಕು? ಎಲ್ಲರೂ ಒಟ್ಟಿಗೆ ಆ ಮನೆಗೆ ನುಗ್ಗುವುದಂತೂ ಬೇಡ. ಹದಿನೈದು ಜನ ಹೋಗಿ ಕೂಗಾಡಿ ವಾಪಸು ಬರುತ್ತೀರಿ, ರಾತ್ರಿ ಅಲ್ಲಿ ಉಳಿಯುವವಳು ಅವಳೊಬ್ಬಳೇ. ಅವಳಿಗೆ ನಂಬಿಕೆಯಿರುವ ಒಬ್ಬಳು, ಒಬ್ಬಳೇ, ಮಾತನಾಡಿಸಲಿ. ಮುಂದೇನು ಮಾಡಬೇಕೆಂಬ ತೀರ್ಮಾನ ಅವಳದು. ಅವಳು ಇವತ್ತು ಬೇಡ ಎಂದರೆ ನಾಳೆ ಕೇಳಿಸಿಕೊಳ್ಳಲು ನಾವಿರಬೇಕು. ರಾತ್ರಿ ಹೊತ್ತು ಮಕ್ಕಳನ್ನು ಕರೆದುಕೊಂಡು ಓಡಿಬಂದರೆ ಯಾರ ಮನೆಯ ಬಾಗಿಲು ತೆರೆದಿರುತ್ತದೆ? ಅದನ್ನು ಮೊದಲೇ ಗೊತ್ತು ಮಾಡಿಟ್ಟಿರಿ. ಠಾಣೆಗೆ, ಆಸ್ಪತ್ರೆಗೆ ಜೊತೆಗೆ ಹೋಗುವವರು ಇಬ್ಬರು, ಅವರ ಮನೆಯ ಹಸು ಕರು ನೋಡಿಕೊಳ್ಳುವವಳು ಒಬ್ಬಳು. ಈ ಕೊನೆಯವಳನ್ನು ಯಾರೂ ನಾಯಕಿ ಎನ್ನುವುದಿಲ್ಲ, ಆದರೆ ಹಾಲು ಕರೆಯುವ ಹೊತ್ತಾಯಿತೆಂದು ಠಾಣೆಯಿಂದ ಅರ್ಧಕ್ಕೇ ಎದ್ದು ಬಂದ ಹೆಂಗಸರನ್ನು ನಾನು ನೋಡಿದ್ದೇನೆ. ಬರೆದಿಡುವವಳು ಒಬ್ಬಳು, ಅದೂ ನಡಾವಳಿ ಪುಸ್ತಕದಲ್ಲಿ ಬೇಡ. ಅದನ್ನು ಬ್ಯಾಂಕಿನವರು, ಒಕ್ಕೂಟದವರು ಎಲ್ಲರೂ ತೆರೆಯುತ್ತಾರೆ. ಸಾಲದ ಕಂತನ್ನು ಮುಂದೂಡುವ ತೀರ್ಮಾನವನ್ನು ಮಾತ್ರ ನಡಾವಳಿಯಲ್ಲಿ ಬರೆಯಿರಿ, ಕಾರಣ ಬರೆಯಬೇಕಾಗಿಲ್ಲ.

ಆ ಹಿರಿಯಳಿಗೂ ಕೆಲಸವಿದೆ. ಇಂಥ ವಿಷಯ ಬಂದಾಗ ಸಂಘದೊಳಗೇ ಬಿರುಕು ಬಿಡುತ್ತದೆ. ಅದನ್ನು ಕೂಡಿಸುವ ಕೈ ಅವಳದು. ಅವಳ ರಾಜಿಯ ಕಲೆಯನ್ನು ಸದಸ್ಯೆಯರ ನಡುವೆ ಬಳಸಿ, ಹೊಡೆಯುವವನ ಮುಂದೆ ಬೇಡ.

ಕಾನೂನಿನ ನಾಲ್ಕು ಮಾತು ಪ್ರತಿಯೊಬ್ಬ ಸದಸ್ಯೆಗೂ ಗೊತ್ತಿರಬೇಕು, ಪ್ರತಿನಿಧಿಗೆ ಮಾತ್ರ ಗೊತ್ತಿದ್ದರೆ ಸಾಲದು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಅದಕ್ಕಾಗಿ ಕೇಸು ಬರುವಂತಿಲ್ಲ, ಅದನ್ನು ಕಾಯ್ದೆಯೇ ಹೇಳುತ್ತದೆ. "ನಮ್ಮ ಮೇಲೇ ತಿರುಗಿಬಿದ್ದರೆ?" ಎಂದು ಹೆದರಿ ಸುಮ್ಮನಾಗುವ ಸಂಘಗಳು ಇದನ್ನು ತಿಳಿಯಬೇಕು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಈ ಸಂರಕ್ಷಣಾಧಿಕಾರಿಯ ಹೊಣೆ ಕೊಟ್ಟಿದ್ದಾರೆ, ಅಂದರೆ ನಿಮ್ಮ ಅಂಗನವಾಡಿ ಟೀಚರಿಗೆ ಆ ಕಚೇರಿ ಗೊತ್ತೇ ಇರುತ್ತದೆ. ಮನೆ ಗಂಡನ ಹೆಸರಿನಲ್ಲಿರಲಿ, ಅತ್ತೆಯ ಹೆಸರಿನಲ್ಲಿರಲಿ, ಜೊತೆಯಾಗಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. 1983ರಲ್ಲಿ ಬಂದ 498ಎ ಎಂಬ ಕಲಮಿನ ಹೆಸರು ನೀವು ಕೇಳಿದ್ದೀರಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಅದು 85 ಮತ್ತು 86ನೇ ಕಲಮುಗಳಲ್ಲಿದೆ, ವರದಕ್ಷಿಣೆ ಸಾವು 80ನೇ ಕಲಮಿನಲ್ಲಿದೆ. ಸಂಖ್ಯೆ ಬದಲಾಗಿದೆ, ಅಪರಾಧ ಅಪರಾಧವಾಗಿಯೇ ಇದೆ. ಫೋನ್ ನಂಬರು ಎರಡು: 181 ಮಹಿಳಾ ಸಹಾಯವಾಣಿ, 112 ತುರ್ತಿಗೆ.

ಧೈರ್ಯದ ಬಗ್ಗೆ ಒಂದು ಮಾತು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದ್ದು, 1992ರಲ್ಲಿ ಅದು ಜಿಲ್ಲೆಗೆಲ್ಲ ಹಬ್ಬಿದ್ದು, 1993ರಲ್ಲಿ ಆ ಸರ್ಕಾರ ಸಾರಾಯಿ ನಿಷೇಧಿಸಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ರೋಸಮ್ಮನ ಹೆಸರು ಆಗ ಎಲ್ಲ ಕಡೆ ಕೇಳಿಬಂತು, ಬರಲೇಬೇಕು. ಆದರೆ ಆ ಹೆಂಗಸರು ಅದಕ್ಕೂ ಮೊದಲೇ ಅಕ್ಷರ ಕಲಿಯಲು ಸಾಕ್ಷರತಾ ತರಗತಿಯಲ್ಲಿ ಒಟ್ಟಿಗೆ ಕೂರುತ್ತಿದ್ದರು. ಕುಡಿತದಿಂದ ಮನೆ ಹಾಳಾದ ಪಾಠವನ್ನು ಅಲ್ಲಿ ಓದಿ, ಅದು ತಮ್ಮದೇ ಕಥೆಯೆಂದು ಮಾತನಾಡಿಕೊಂಡರು. ಕೂತು ಮಾತನಾಡುವ ಜಾಗ ಮೊದಲು, ಧೈರ್ಯ ಆಮೇಲೆ. ಚಳವಳಿಯ ನಂತರ ಆ ಜಿಲ್ಲೆಯಲ್ಲಿ ಉಳಿತಾಯ ಸಂಘಗಳು ಬೆಳೆದವು. ನಮ್ಮಲ್ಲಿ ದಾರಿ ಬಹುಪಾಲು ಉಲ್ಟಾ: ಉಳಿತಾಯಕ್ಕೆಂದು ಸೇರಿದ್ದೇವೆ, ಇನ್ನು ಮಾತಿಗೆ ಬರಬೇಕು.

ಕೊನೆಗೆ, ವರದಕ್ಷಿಣೆಗೆ ಸಾಲ. ಇದನ್ನು ನೀವೇ ಬೆಳಿಗ್ಗೆ ಕೇಳಿದಿರಿ. ಸದಸ್ಯೆಯೊಬ್ಬಳು "ಮಗಳ ಮದುವೆ, ಐವತ್ತು ಸಾವಿರ ಬೇಕು" ಎನ್ನುತ್ತಾಳೆ. ಪುಸ್ತಕದಲ್ಲಿ "ಮದುವೆ ಖರ್ಚು" ಎಂದು ಬರೆಯುತ್ತೀರಿ. ಹುಡುಗನ ಬೈಕಿಗೆ ಎಂದು ಎಲ್ಲರಿಗೂ ಗೊತ್ತು. 1961ರ ಕಾಯ್ದೆಯಂತೆ ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಅಪರಾಧ. ಕೊಡದಿದ್ದರೆ ಅವಳು ಬಡ್ಡಿ ವ್ಯವಹಾರದವನ ಹತ್ತಿರ ಹೋಗುತ್ತಾಳೆ ಎಂಬ ನಿಮ್ಮ ಮಾತು ಸುಳ್ಳಲ್ಲ, ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರವೂ ಇಲ್ಲ. ಒಂದು ಸಂಘದವರು ಅಡುಗೆಗೆ, ಚಪ್ಪರಕ್ಕೆ, ಮಗಳ ಬಟ್ಟೆಗೆ ಸಾಲವುಂಟು, ಹುಡುಗನ ಕಡೆಯವರು ಕೇಳಿದ್ದಕ್ಕೆ ಇಲ್ಲ ಎಂದು ಠರಾವು ಮಾಡಿದರು. ಸಾಲ ಕೇಳಿದವಳನ್ನು ಒಬ್ಬಳನ್ನೇ ಬಿಡದೆ ಮೂವರು ಅವಳ ಜೊತೆ ಬೀಗರ ಮಾತುಕತೆಗೆ ಹೋಗಿ ಕೂತರು. ಬೈಕಿನ ಮಾತು ಬಿದ್ದುಹೋಯಿತು. ಎಲ್ಲ ಕಡೆ ಹೀಗಾಗುತ್ತದೆಂದು ನಾನು ಹೇಳಲಾರೆ. ಅದೇ ಸಂಘದಲ್ಲಿ ಮುಂದಿನ ವರ್ಷ ಒಬ್ಬಳು ಠರಾವಿಗೆ ಸಿಟ್ಟಾಗಿ, ತನ್ನ ಉಳಿತಾಯ ವಾಪಸು ಪಡೆದು ಹೋದಳು. ಆದರೆ ಅಲ್ಲಿ "ಈ ದುಡ್ಡು ಯಾರ ಮನೆ ಸೇರುತ್ತದೆ?" ಎಂದು ಮೊದಲು ಕೇಳಿದವಳು ಪ್ರತಿನಿಧಿಯಲ್ಲ, ಸ್ವತಃ ವರದಕ್ಷಿಣೆಯ ಕಾಟದಿಂದ ತವರಿಗೆ ಬಂದು ಕೂತಿದ್ದ ಒಬ್ಬ ಸದಸ್ಯೆ. ಅವಳನ್ನು ಸಂಘಕ್ಕೆ ಸೇರಿಸಿಕೊಳ್ಳುವುದೋ ಬೇಡವೋ ಎಂದು ಒಂದು ಕಾಲಕ್ಕೆ ಚರ್ಚೆಯಾಗಿತ್ತಂತೆ.

ಊಟದ ಹೊತ್ತಾಯಿತು. ಊಟವಾದ ಮೇಲೆ ನೀವು ತಂದಿರುವ ಹಾಜರಿ ಪುಸ್ತಕಗಳನ್ನು ತೆಗೆದುಕೊಂಡು ಸಂಘವಾರು ಕೂತುಕೊಳ್ಳಿ. ಕಳೆದ ಮೂರು ತಿಂಗಳಲ್ಲಿ ಸತತವಾಗಿ ಮೂರು ವಾರ ಬರದೇ ಇದ್ದವರ ಹೆಸರು ನೋಡಿ. ದಂಡ ಹಾಕಿದ್ದೀರೋ ಇಲ್ಲವೋ ಎಂಬುದು ಈಗ ಬೇಡ. ಯಾಕೆ ಬರಲಿಲ್ಲ ಎಂದು ಕೇಳಿದವರು ಯಾರು, ಯಾರೂ ಕೇಳಿಲ್ಲದಿದ್ದರೆ ಈ ವಾರ ಹೋಗಿ ಮಾತನಾಡಿಸುವವರು ಯಾರು, ಅಷ್ಟನ್ನು ನಿಮ್ಮ ನಿಮ್ಮಲ್ಲೇ ಗೊತ್ತು ಮಾಡಿಕೊಳ್ಳಿ. ಆ ಹೆಸರುಗಳನ್ನು ಇಲ್ಲಿ ಸಭೆಯಲ್ಲಿ ಓದಿ ಹೇಳುವುದು ಬೇಡ.